ಅಪ್ಪ ನಿಲ್ಲುತ್ತಿದ್ದ ಜಾಗ

ಬಸ್ಸಿನ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ನರೆಗೂದಲಿನ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕಟ್ಟಡದ ಮಾಲೀಕ ನಾಳೆ ನಮ್ಮ ಹಾಡಿನ ಮನೆ ಕೆಡವೋಕೆ ಆಳು ಕಳಿಸ್ತಾನಂತೆ ಕಣೆ,” ಎಂದಳು ಅಕ್ಕ.

“ಕಳಿಸ್ಲಿ. ನಾನೂ ಬರ್ತೀನಿ.”

“ನೀನಾ? ಮುಚ್ಚಿಹೋದ ಚರ್ಚನ್ನ ನಾನು ಹಾಡಿನ ಮನೆ ಮಾಡಿದಾಗ, ಅಪ್ಪ ಪ್ರಾರ್ಥನೆ ಮಾಡಿಸ್ತಿದ್ದ ಕಡೆ ಡ್ರಮ್ ಬಾರಿಸ್ತೀಯಾ ಅಂತ ನನ್ನ ಜೊತೆ ಮಾತು ಬಿಟ್ಟವಳು!”

“ಬಿಟ್ಟಿದ್ದೆ. ಹೋದ ವಾರ ಮೆಲ್ಲಗೆ ಬಂದು ಹಿಂದಿನ ಬೆಂಚಲ್ಲಿ ಕೂತಿದ್ದೆ.”

“ಹೇಳ್ಲೇ ಇಲ್ವಲ್ಲೇ!”

“ಬೆಂಚೆಲ್ಲ ಭರ್ತಿಯಾಗಿತ್ತಕ್ಕಾ. ಜನ ಉಸಿರು ಬಿಗಿಹಿಡಿದು ಕೇಳ್ತಿದ್ರು. ಅಪ್ಪನ ಕಾಲದಲ್ಲಿ ಕೊನೆಕೊನೆಗೆ ಪ್ರಾರ್ಥನೆಗೆ ನಾವಿಬ್ಬರೇ ಕೂತಿರ್ತಿದ್ವಿ, ಅಪ್ಪ ಖಾಲಿ ಬೆಂಚು ನೋಡಿ ಅಳ್ತಿದ್ರು. ನೆನಪಿದೆಯಾ?”

ಅಕ್ಕ ಕಣ್ಣೊರೆಸಿಕೊಂಡಳು.

“ಹಾಡೋರಿಗೆಲ್ಲ ಹೇಳಿದೀನಿ. ಬೆಳಕು ಹರಿಯೋ ಮುಂಚೆ ಒಳಗೆ ಕೂತು ಹಾಡ್ತೀವಿ. ಜನ ಇರೋವಾಗ ಗೋಡೆ ಹೇಗೆ ಮುಟ್ತಾರೆ, ನೋಡೇಬಿಡೋಣ.”

“ಮೊದಲ ಹಾಡು ನಂದು.”

“ನಿನ್ನ ಗಂಟಲು ತುಕ್ಕು ಹಿಡಿದಿರುತ್ತೆ!”

“ಹಿಡೀಲಿ. ಹಾಡ್ತಾ ಹಾಡ್ತಾ ಉದುರುತ್ತೆ.”

ಬಸ್ಸು ಬಂತು. ತಂಗಿ ಅಕ್ಕನ ರಟ್ಟೆ ಹಿಡಿದು ಹತ್ತಿಸಿದಳು. ಮೆಟ್ಟಿಲ ಮೇಲೆ ಅವಳ ದನಿ ತಗ್ಗಿತು.

“ಅಪ್ಪ ನಿಲ್ತಿದ್ದ ಜಾಗದಲ್ಲೇ ನಿಂತು ಹಾಡ್ಲಾ?”

“ವೇದಿಕೆ ಇರೋದೇ ಅಲ್ಲಿ ಕಣೆ. ಬೇರೆಲ್ಲಿ ನಿಲ್ತೀಯಾ?”

ಬಾಗಿಲು ಮುಚ್ಚಿ ಬಸ್ಸು ಹೊರಟಿತು.