ದೋನ್ ಎವಾರಿಸ್ತೋ ಮನೆಯ ಕೊನೇ ಶಾಟ್

ಅಯ್ಯಯ್ಯೋ, ಆ ಕಡೆ ಬೇಡ! ಅಡುಗೆಮನೆ ಕಡೆ ಬೇಡ ದೋನ್ ಎವಾರಿಸ್ತೋ, ಅಲ್ಲೆಲ್ಲಾ ವೈರು ಹಾಸಿದಾರೆ, ಕಾಲಿಗೆ ಸಿಕ್ಕಿ ಬಿದ್ದೀರಿ! ನೀರು ತಾನೇ? ಇಗೋ ಹೂಜಿ, ಇಗೋ ಲೋಟ. ಬಾಯಾರಿಕೆ ಇಲ್ವಾ? ಮತ್ತೆ ಅಲ್ಲಿ ನಿಮಗೇನು ಕೆಲಸ? ನಿಮ್ಮದೇ ಮನೆ, ಒಪ್ಪಿದೆ. ಆದ್ರೆ ಇವತ್ತು ಊಟದ ಹೊತ್ತಿನವರೆಗೂ ನನಗೆ ಬಿಟ್ಟುಕೊಟ್ಟಿದೀರಲ್ಲ... ಬನ್ನಿ, ಹೀಗ್ ಬನ್ನಿ. ಈ ಕುರ್ಚೀಲಿ ಕೂತ್ಕೊಳ್ಳಿ. ಹಾಂ!

ಎಷ್ಟು ಚೆನ್ನಾಗಿ ಕೂತ್ರಿ! ನಮ್ಮ ಕ್ಯಾಮೆರಾ ಹುಡುಗಿ ಯಾರೇಲೀನ ಕೇಳೋಣ. ಯಾರೇಲೀ, ನೋಡೇ, ಹೇಗೆ ಕಾಣ್ತಾರೆ? ನೋಡಿದ್ರಾ, ಹೆಬ್ಬೆರಳು ಎತ್ತಿದ್ಲು. ನನಗೆ ಇಷ್ಟು ದಿನದಲ್ಲಿ ಒಂದು ಸಲಾನೂ ಎತ್ತಿಲ್ಲ ಇವಳು.

ಇಲ್ಲ ಇಲ್ಲ, ಏಳಬೇಡಿ. ವಿಷಯ ಏನಂದ್ರೆ, ನಬೋರ್ ಬಂದಿಲ್ಲ. ನನ್ನ ಮೈದುನ, ನಿನ್ನೆ ನಿಮ್ಮ ತಂದೆಯವರ ಕೋಟು ಹಾಕ್ಕೊಂಡು ಇದೇ ಕುರ್ಚೀಲಿ ಮುದುಕನ ಪಾತ್ರ ಮಾಡಿದ್ನಲ್ಲ, ಅವನೇ. ಹೊಟ್ಟೆ ಕೆಟ್ಟಿದೆಯಂತೆ. ಪಾಪ. ತುಂಬಾ ಕೆಟ್ಟಿದೆಯಂತೆ... ಯಾಕೆ ಹಾಗ್ ನೋಡ್ತೀರಿ? ಹೊಟ್ಟೆ ಯಾರಿಗೂ ಕೆಡಬಹುದು. ಬೀದೀಲಿ ಗಟ್ಟಿಮುಟ್ಟಾಗಿ ಗಾಡಿ ಓಡಿಸ್ತಿದ್ದ ಅಂತೀರಾ? ಡಾಕ್ಟರ ಹತ್ರ ಹೋಗೋಕೆ ಗಾಡಿ ಓಡಿಸಲೇಬೇಕಲ್ಲ!

ಈಗ ನನ್ನ ಕಷ್ಟ ಕೇಳಿ. ಉಳಿದಿರೋದು ಒಂದೇ ಒಂದು ಶಾಟು. ನಿನ್ನೆ ತೆಗೆದಿದ್ದೆಲ್ಲಾ ನಬೋರನ ಬೆನ್ನು. ಮುಖಾನ ಇವತ್ತಿಗೆ ಅಂತ ಇಟ್ಕೊಂಡಿದ್ವಿ. ನಿಮ್ಮ ಬೆನ್ನೂ ಅವನ ಬೆನ್ನೂ ಒಂದೇ ಅಳತೆ. ನಮ್ಮೂರು ಮೆರೀದಾ ಮಾರ್ಕೆಟ್ಟಲ್ಲಿ ಇಷ್ಟು ವರ್ಷ ದೊಡ್ಡವರು ಮಲಗೋ ನೂಲಿನ ಜೋಲಿ ಮಾರಿದೋಳು ನಾನು, ಬೆನ್ನಿನ ಅಳತೆ ಗೊತ್ತಾಗದೇ ಇರತ್ತಾ? ಅದಕ್ಕೇ ಹೇಳ್ತಿರೋದು: ಮುಖ ನಿಮ್ಮದೇ ಇರ್ಲಿ.

ನಗಿ, ನಗಿ. ನಮ್ಮ ಕ್ಲಾಸಿನ ಮಕ್ಕಳೂ ಹೀಗೇ ನಕ್ಕಿದ್ವು, ಈ ಅಜ್ಜಿ ಅಂಗಡೀನ ಮಗಳಿಗೆ ಬಿಟ್ಟು ಸಿನಿಮಾ ಕಲಿಯೋಕೆ ಬಂದಿದೆ ಅಂತ. ಆಮೇಲೆ ಇದೇ ಮಕ್ಕಳು ಶೂಟಿಂಗಿಗೆ ಮನೆ ಕೇಳೋಕೆ ಶಾಲೆಯ ಮೊಹರು ಹಾಕಿಸಿದ ಪತ್ರ ಹಿಡ್ಕೊಂಡು ಈ ಬೀದಿಯ ಒಂದೊಂದು ಬಂಗಲೆಗೂ ಹೋದ್ರು. ಗೇಟು ತೆರೆದೋರು ಯಾರು? ನಾನು ನಿಮ್ಮ ಜಗಲೀಲಿ ಕೂತು ನಿಮ್ಮ ಹರಿದ ಜೋಲಿಯ ಅಂಚು ಹೆಣೆದುಕೊಟ್ಟೆ. ಹೆಣೀತಾ ಹೆಣೀತಾ ಮನೆ ಕೇಳಿದೆ. ಮನುಷ್ಯ ಜೋಲೀಲಿ ಮಲಗಿದ್ದಾಗ ಇಲ್ಲ ಅನ್ನೋದು ಕಷ್ಟ, ಗೊತ್ತಾ? ಹ್ಹ! ನಿಮಗೀಗ ಗೊತ್ತಾಯ್ತು.

ಮೇಜಿನ ಮೇಲೆ ಆ ಬೆಳಕು ನೋಡಿ. ಬಾಗಿಲ ಮೇಲಿನ ಬಣ್ಣದ ಗಾಜಿಂದ ಬೀಳ್ತಿರೋದು. ಕೆಂಪು, ನೀಲಿ, ಆ ಹಳದಿ... ದುಡ್ಡು ಕೊಟ್ಟರೂ ಸಿಗಲ್ಲ ಇಂಥದ್ದು. ಇನ್ನು ಸ್ವಲ್ಪ ಹೊತ್ತಿಗೆ ಗೋಡೆ ಹತ್ತಿ ಹೋಗತ್ತೆ. ಹೋದ್ರೆ ನನ್ನ ಸಿನಿಮಾನೂ ಹೋಯ್ತು. ನಾಳೆ ಒಪ್ಪಿಸದಿದ್ರೆ ಈ ವರ್ಷ ಫೇಲು. ನನಗೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಅಂತ ದಾಸ್ತಾನು ಇಟ್ಕೊಳ್ಳೋ ವಯಸ್ಸಲ್ಲ ಇದು.

ಮಾಡ್ತೀರಾ? ತಲೆ ಆಡಿಸಿದ್ರಿ! ಎಲ್ಲರೂ ನೋಡಿದ್ರಿ ತಾನೇ? ಆಡಿಸಿದ್ರು!

ಇಗೋ ನಿಮ್ಮ ತಂದೆಯವರ ಕೋಟು, ಹಾಕ್ಕೊಳ್ಳಿ. ಪಾತ್ರ ಸುಲಭ. ಹೆಂಡ್ತಿ ಜೊತೆ ಜಗಳ ಆಡಿ, ಕೋಪದಲ್ಲಿ ಮಾತು ಬಿಟ್ಟು ಕೂತಿರೋ ಮುದುಕ. ಈಗ ಅಡುಗೆಮನೆ ಬಾಗಿಲಿಂದ ಅವಳು ಬರ್ಲಿ, ಕ್ಷಮಿಸಿದೀನಿ ಅನ್ಲಿ ಅಂತ ಕಾಯ್ತಿದಾನೆ. ನಿಮಗೆ ಮದುವೆ ಆಗಿಲ್ಲ, ಗೊತ್ತು. ಊಹಿಸ್ಕೊಳ್ಳಿ. ಆದ್ರೆ ಒಂದು ಷರತ್ತು. ಈ ಕ್ಷಣದಿಂದ ನಾನು ಸಾಕು ಅನ್ನೋವರೆಗೂ ಒಂದು ಮಾತೂ ಆಡಬಾರದು. ಬಾಯಿ ಮುಚ್ಚಿದ್ರೇನೇ ಮುಖಕ್ಕೆ ಭಾವ ಬರೋದು. ಮಾತು ಕೊಡಿ, ನಿಮ್ಮ ತಂದೆಯವರ ಕೋಟಿನ ಮೇಲೆ ಕೈಯಿಟ್ಟು.

ಕೊಟ್ರು. ದೊಡ್ಡ ಮನೆತನ ಅಂದ್ರೆ ಇದು.

ಕನೂಲ್, ನೀನು ರೆಡಿನಾ? ಇವನೇ ನಮ್ಮ ಶಬ್ದದ ಹುಡುಗ, ಕಿವಿಗೆ ಡಬ್ಬಿ ಹಾಕ್ಕೊಂಡಿರೋನು. ಇವನ ಕಾಟ ಅಷ್ಟಿಷ್ಟಲ್ಲ ಸ್ವಾಮಿ. ಎಲ್ಲಿ ಏನು ಗುಂಯ್ ಅಂದ್ರೂ ಆಗಲ್ಲ ಇವನಿಗೆ. ಫ್ಯಾನು ಆರಿಸಿದ್ವಿ, ನಿಮ್ಮ ದೊಡ್ಡ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದ್ವಿ, ಪಕ್ಕದ ಮನೆ ಗಿಳಿಯ ಪಂಜರಕ್ಕೆ ಬಟ್ಟೆ ಹೊದಿಸಿದ್ವಿ, ಆಮೇಲೆ ಆ... ಅಷ್ಟೇ. ಇನ್ನೇನಿಲ್ಲ. ಗಿಳೀನೇ ಕೊನೆ.

ಅಡುಗೆಮನೆ ಕಡೆ ಕೈ ಯಾಕೆ ತೋರಿಸ್ತೀರಿ? ಓ, ಅಭ್ಯಾಸ ಮಾಡ್ಕೋತಿದೀರಾ! ಸರಿ ಸರಿ. ಆದ್ರೆ ಕೈ ಬೇಡ. ಬರೀ ನೋಟ ಸಾಕು... ಅಯ್ಯೋ ದೇವರೇ. ಯಾರೇಲೀ, ಈ ನೋಟ ನೋಡಿದ್ಯಾ? ಆ ಬಾಗಿಲ ಹಿಂದೆ ಜೀವಾನೇ ಇಟ್ಟು ಬಂದಿರೋರ ಹಾಗೆ ನೋಡ್ತಿದಾರೆ! ನಬೋರ್ ಏಳು ಜನ್ಮ ಎತ್ತಿದ್ರೂ ಹೀಗೆ ನೋಡಲ್ಲ. ಎಲ್ಲಿಟ್ಟಿದ್ರಿ ಇಷ್ಟು ದಿನ ಇದನ್ನೆಲ್ಲಾ?

ಏಳಬೇಡಿ ಅಂದೆ! ನನಗೆ ಗೊತ್ತು ನಿಮ್ಮ ಚಿಂತೆ. ಇವತ್ತು ನಿಮ್ಮ ಅಕ್ಕ ಕ್ಲೋತಿಲ್ದೆಯವರ ಹುಟ್ಟಿದಬ್ಬ, ಕಂಪೇಚೆಯಿಂದ ಊಟಕ್ಕೆ ಬರ್ತಿದಾರೆ, ಪ್ರತಿವರ್ಷದ ಹಾಗೆ ಅವರಿಗೆ ನೀವೇ ಕೈಯಾರೆ ತೆಂಗಿನಕಾಯಿ ಐಸ್‌ಕ್ರೀಮು ಮಾಡಿಟ್ಟಿದೀರಿ. ಅದನ್ನ ಒಂದು ಸಲ ನೋಡಿ ಬರೋಣ ಅಂತ ತಾನೇ? ಅದಕ್ಕೇನಾಗಿದೆ? ತಣ್ಣಗೆ, ಗಟ್ಟಿಯಾಗಿ, ಕಲ್ಲಿನ ಹಾಗೆ ಕೂತಿದೆ ಒಳಗೆ. ಈ ಸೆಖೇಲಿ ಇಡೀ ಮೆರೀದಾದಲ್ಲಿ ಸುಖವಾಗಿರೋದು ಅದೊಂದೇ. ಇನ್ನೊಂದು ಅರ್ಧ ಗಂಟೆ ಬಿಟ್ಟು ನೋಡಿದ್ರೆ ಇನ್ನೂ ಚೆನ್ನಾಗಿರತ್ತೆ. ನಾನು ಹೇಳ್ತಿದೀನಲ್ಲ.

ಇದೇನಿದು, ಕೋಟಿನಿಂದಾಚೆ ಇಣುಕಿರೋ ಅಂಗಿ ತೋಳಿನ ಮೇಲೆ ಬಿಳಿ ಬಿಳಿ? ಸುಣ್ಣನಾ? ಹಳೇ ಗೋಡೆ, ಒರಗಿದ್ರೆ ಉದುರತ್ತೆ. ತಡೀರಿ, ಒರೆಸ್ತೀನಿ... ಸುಣ್ಣ ಇಷ್ಟು ಜಿಡ್ಡಾಗಿರತ್ತಾ? ಇರ್ಲಿ. ನೆರಳಲ್ಲಿ ಕಾಣಲ್ಲ.

ಕೈ ಮೇಜಿನ ಮೇಲಿಡಿ. ಎರಡೂ. ಆ ಬಲಗೈ ಯಾಕೆ ಮುಷ್ಟಿ ಕಟ್ಟಿದೆ? ಕೋಪದ ಮುದುಕ, ಸರಿ, ಆದ್ರೆ ಈಗ ಕೋಪ ಇಳಿದಿದೆ ಅವನಿಗೆ. ಬಿಚ್ಚಿ. ನಿಧಾನಕ್ಕೆ. ಬೆಳಕಲ್ಲಿ ಬಿಚ್ಚಿ, ಹಾಂ, ಹಾಗೇ...

...

ಅದು...

ಅದು ನನ್ನ ಅಂಗಡಿ ಬೀಗದ ಕೈ. ಜೋಲಿ ಹೆಣೆಯೋ ಮರದ ಸೂಜಿ ಕಟ್ಟಿರೋದು ನನ್ನದೇ.

ಎಲ್ಲಿ ಸಿಕ್ತು ಅಂತ ಕೇಳಲ್ಲ ನಾನು. ನೀವೂ ಹೇಳಲ್ಲ. ಮಾತು ಕೊಟ್ಟಿದೀರಲ್ಲ. ಹೀಗೆ ಸುಮ್ಮನೆ ಅಂಗೈ ಬಿಚ್ಚಿಟ್ಕೊಂಡು ಕೂತ್ರೆ ನಾನೇನು ಮಾಡ್ಲಿ? ಒಂದು ಮಾತು ಬೈದುಬಿಡಿ! ಬೈಯಲ್ವಾ?

ಸರಿ. ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಫ್ರಿಜ್ಜು ಗುಂಯ್ ಅನ್ನತ್ತೆ, ಶಬ್ದ ಕೆಡತ್ತೆ ಅಂತ ಅದನ್ನ ಆರಿಸ್ತಾರೆ. ಆಮೇಲೆ ಹಾಕೋದು ಮರೀಬಾರದು ಅಂತ ಡೈರೆಕ್ಟರು ತನ್ನ ಬೀಗದ ಕೈನ ಅದರೊಳಗೇ ಇಡಬೇಕು. ಬೀಗದ ಕೈ ಇಲ್ಲದೆ ಮನೆಗೆ ಹೋಗೋಕಾಗಲ್ಲ, ಹುಡುಕ್ಕೊಂಡು ಬಂದೇ ಬರ್ತಾರೆ. ಒಳ್ಳೆ ಪದ್ಧತಿ. ನಾನೂ ನಿನ್ನೆ ಶಾಸ್ತ್ರೋಕ್ತವಾಗಿ ಇಟ್ಟೆ. ಆದ್ರೆ ಅಂಗಡಿ ಬಾಗಿಲು ಈಗ ತೆಗೆಯೋಳು ನನ್ನ ಮಗಳು, ನನಗೆ ಆ ಬೀಗದ ಕೈ ಬೇಕಾಗಲೇ ಇಲ್ಲ! ಫ್ರಿಜ್ಜು ಹಾಕೋದು ಮರೆತು ನಬೋರನ ಗಾಡೀಲಿ ಹಾಡು ಹೇಳ್ಕೊಂಡು ಮನೆಗೆ ಹೋದೆ. ನೆನಪಾಗಿದ್ದು ಬೆಳಿಗ್ಗೆ ಕಾಫಿ ಕುಡಿಯುವಾಗ. ಲೋಟ ಕೈಯಲ್ಲೇ ನಿಂತುಬಿಡ್ತು. ಫ್ರಿಜ್ಜಿನ ಬಾಗಿಲು ತೆಗೆದು ನೋಡೋ ಧೈರ್ಯ ಬರ್ಲಿಲ್ಲ ಸ್ವಾಮಿ. ನಬೋರನ ಹೊಟ್ಟೆ ಚೆನ್ನಾಗೇ ಇದೆ. ಚೌಕದ ಅಂಗಡಿಗೆ ಕಳಿಸಿದೀನಿ, ಒಂದು ಬಕೆಟ್ಟು ತೆಂಗಿನ ಐಸ್‌ಕ್ರೀಮು ತರೋಕೆ. ಅವನು ಬರೋವರೆಗೂ ನಿಮ್ಮನ್ನ ಈ ಕುರ್ಚೀಲಿ... ಆದ್ರೆ ಮುಖ ಬೇಕಾಗಿದ್ದೂ ನಿಜ! ಎರಡೂ ನಿಜ!

ಏನದು, ತೋಳು ತೋರಿಸ್ತೀರಿ? ಸುಣ್ಣ, ನೋಡಿದೆ. ಮೂಸಬೇಕಾ?

...ತೆಂಗಿನಕಾಯಿ.

ಬೆಳಿಗ್ಗೆ ಎದ್ದು ಮತ್ತೆ ಕಾಯಿ ತುರಿದ್ರಾ? ಮತ್ತೆ ಮಾಡಿದ್ರಾ? ನನಗೊಂದು ಮಾತೂ ಹೇಳದೆ? ಅಂದ್ರೆ ಈಗ ಒಳಗಿರೋದು ಹೊಸದು... ಮತ್ಯಾಕೆ ಇನ್ನೂ ಆ ಬಾಗಿಲನ್ನೇ...

ಕನೂಲ್. ಕಿವೀದು ತೆಗಿ. ಇವತ್ತು ಬಂದ ತಕ್ಷಣ ಫ್ರಿಜ್ಜು ಆರಿಸಿದೆ ಅಂದ್ಯಲ್ಲ... ಆರಿಸೋಕೆ ಮೊದಲು ಅದು ಓಡ್ತಿತ್ತಾ?

ಅವರು ಹಾಕಿದ್ದನ್ನ ನೀನು ಮತ್ತೆ ಆರಿಸಿದ್ಯಾ? ಓಡೋ ಮಾರಾಯ! ಹೋಗಿ ಹಾಕು ಅದನ್ನ! ಶಬ್ದ ಕೆಟ್ಟರೆ ಕೆಡ್ಲಿ! ಹೆಂಡ್ತಿ ಇರೋ ಅಡುಗೆಮನೇಲಿ ಫ್ರಿಜ್ಜು ಗುಂಯ್ ಅನ್ನದೇ ಇರತ್ತಾ? ಅದೂ ಕಥೇನೇ ಅಂತ ಹೇಳ್ತೀನಿ ಮೇಷ್ಟ್ರಿಗೆ, ಒಪ್ಪಿಸೋದು ನನಗೆ ಬಿಡು. ಏನಂದೆ? ಅಂಚು ಮಾತ್ರ ಕರಗಿದೆಯಾ? ನಡು ಗಟ್ಟಿಯಾಗಿದೆಯಾ? ಹಾಕಿದ್ಯಾ? ಕೇಳಿಸ್ತು, ಕೇಳಿಸ್ತು...

ದೋನ್ ಎವಾರಿಸ್ತೋ, ಅಲುಗಾಡಬೇಡಿ! ಆ ಮುಖ! ಅದೇ, ಅದೇ! ಕ್ಷಮಿಸಿದ್ರೋ ಇಲ್ವೋ ಗೊತ್ತಾಗದ ಆ ಮುಖ! ಬೆಳಕಿನ್ನೂ ಮೇಜಿನ ಮೇಲಿದೆ. ಯಾರೇಲೀ, ತೆಗಿಯೇ, ತೆಗೀತಾನೇ ಇರು...

ಹೊರಗೆ ಹಾರ್ನು ಯಾರದು? ಅಯ್ಯೋ, ನಬೋರ್! ಬಕೆಟ್ಟು ಹೊತ್ಕೊಂಡು ಒಳಗೇ ನುಗ್ತಿದಾನಲ್ಲೋ... ನಿಲ್ಲೋ ಅಲ್ಲೇ, ಬಾಗಿಲಲ್ಲೇ ನಿಲ್ಲು! ಬಂದುಬಿಟ್ಟ. ಕ್ಯಾಮೆರಾದೊಳಗೇ ಬಂದುಬಿಟ್ಟ, ಹಾಳಾದೋನು!

...ನಗ್ತಿದೀರಾ? ತಂದೆಯವರ ಕೋಟು ಹಾಕ್ಕೊಂಡು, ಭುಜ ಕುಣಿಸ್ಕೊಂಡು, ಮಾತೊಂದೂ ಆಡದೆ... ಯಾರೇಲೀ, ನಿಲ್ಲಿಸಿಲ್ಲ ತಾನೇ? ಬಂತಾ? ಪೂರ್ತಿ ಬಂತಾ?

ಹೆಬ್ಬೆರಳು. ಈ ಸಲ ನನಗೆ!

ಸಾಕು ದೋನ್ ಎವಾರಿಸ್ತೋ, ಸಾಕು. ಈಗ ಬೈಯಿರಿ. ಅಕ್ಕನವರು ಬರೋದ್ರೊಳಗೆ ಬೈದು ಮುಗಿಸಿಬಿಡಿ.