ಕುದನೆ ಗಿಡದಲ್ಲಿ ಟೊಮೆಟೊ

ಬ್ರಿಕ್‌ಫೀಲ್ಡ್ಸ್ ಬಡಾವಣೆಯ ದಿನಸಿ ಅಂಗಡಿಯಲ್ಲಿ ಕ್ಯೂ ಅರ್ಧ ಗಂಟೆಯಿಂದ ಅಲ್ಲಾಡಿರಲಿಲ್ಲ. ಬೈಯಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುಂದಿದ್ದ ಹಿರಿಯ ಹೆಂಗಸು ಪಕ್ಕದವಳಿಗೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು.

"ವಿಲಾಸಿನಿಯಕ್ಕ, ಇದು ಟೊಮೆಟೊನಾ? ಗಿಡ ಬೇರೆ ಥರ ಇದೆಯಲ್ಲ."

"ಕೆಳಗಿನದ್ದು ಕುದನೆ ತನುಜಾ, ಬದನೆ ಜಾತಿಯ ಕಾಡುಗಿಡ. ಮೇಲಿನದ್ದು ಟೊಮೆಟೊ. ಕಾಂಡ ಸೀಳಿ ನಾನೇ ಕಸಿ ಕಟ್ಟಿದ್ದು."

ನಾನೂ ಇಣುಕಿದೆ. ಮುಳ್ಳುಗಿಡದ ತುದಿಯಲ್ಲಿ ಕೆಂಪು ಟೊಮೆಟೊ ಗೊಂಚಲು. ಬೈಯುವುದು ಬಿಟ್ಟು ಅವರ ಮಾತಿಗೆ ಕಿವಿಗೊಟ್ಟೆ.

"ನಂದು ನಾಲ್ಕು ಸಲ ಸತ್ತೋಯ್ತು ಅಕ್ಕ. ಬೆಳಿಗ್ಗೆ ಚೆನ್ನಾಗಿರತ್ತೆ, ಸಂಜೆಗೆ ಬಾಡಿ ಬಿದ್ದಿರತ್ತೆ. ಅದಕ್ಕೇ ಇವ್ರು ಇವತ್ತು ಹಿತ್ತಲಿಗೆ ಸಿಮೆಂಟ್ ಹಾಕಿಸ್ತಿದ್ದಾರೆ."

"ಅದು ಮಣ್ಣಿನ ರೋಗ ಮಾರಾಯ್ತಿ. ಕುದನೆ ಬೇರಿಗೆ ತಾಗುವುದಿಲ್ಲ. ನಿಮ್ಮ ಚರಂಡಿ ಬದಿಯಲ್ಲೇ ಒಂದು ಉಂಟಲ್ಲ."

"ಆ ಮುಳ್ಳಿನದಾ? ಅದನ್ನೇ ಮೊದಲು ಕೀಳ್ಸಿ ಅಂದಿದ್ದೆ."

"ಫೋನ್ ಮಾಡು."

ತನುಜಾ ಗಂಡನಿಗೆ ಫೋನ್ ಮಾಡಿದಳು.

"ರೀ, ಚರಂಡಿ ಹತ್ರದ ಗಿಡ ಕಿತ್ರಾ?"

ಸ್ವಲ್ಪ ಹೊತ್ತು ಕೇಳಿ, ಫೋನಿಗೆ ಕೈ ಅಡ್ಡ ಹಿಡಿದಳು.

"ಉಳಿದದ್ದೆಲ್ಲ ಕಿತ್ತಾಯ್ತಂತೆ ಅಕ್ಕ. ಅದೊಂದು ಮಾತ್ರ ಕೆಲಸದವ್ರು ಇಬ್ರು ಎಳೆದ್ರೂ ಬರ್ತಿಲ್ವಂತೆ. ಗರಗಸ ತರೋಕೆ ಹೋಗಿದ್ದಾರಂತೆ."

"ಕೊಯ್ಯಲಿ ಬಿಡು. ಬೇರು ಮುಟ್ಟಬೇಡಿ ಅನ್ನು, ಸಿಮೆಂಟ್ ಹಾಕುವುದನ್ನೂ ನಿಲ್ಲಿಸಿ ಅನ್ನು. ಮೊಣಕಾಲುದ್ದ ಮೋಟು ಉಳಿದರೆ ಸಾಕು. ಅದು ಚಿಗುರಿದ ಮೇಲೆ ಕಸಿ ಕಟ್ಟುವ."

ತನುಜಾ ಅಷ್ಟನ್ನೂ ಫೋನಿನಲ್ಲಿ ಹೇಳಿದಳು. ಗರಗಸ ಬರುವ ಮೊದಲೇ ಮನೆ ಮುಟ್ಟಲೆಂದು, ತುಂಬಿದ ಬುಟ್ಟಿಗಳನ್ನು ನೆಲದ ಮೇಲಿಟ್ಟು ಇಬ್ಬರೂ ಕ್ಯೂ ಬಿಟ್ಟು ಓಡಿದರು. ಮುಂದೆ ಜಾಗ ಖಾಲಿಯಾದರೂ ಅವರು ಓಡಿದ ಕಡೆಗೇ ನೋಡುತ್ತ ನಾನು ನಿಂತಲ್ಲೇ ನಿಂತಿದ್ದೆ.