ಒಂದಡಿ ದಾರ

ದೀಪ ಆರಿಸಬೇಡಿ, ಇರಲಿ. ಇದು ಅವರಿವರಿಗೆ ಆದದ್ದಲ್ಲ... ನಮ್ಮ ದೊಡ್ಡಪ್ಪನ ಮಗಳಿಗೇ ಆದದ್ದು.

ದೊಡ್ಡ ಮನೆಗಳ ಈಜುಕೊಳ ನೋಡಿಕೊಳ್ಳುವುದು ಅವಳ ಕೆಲಸ. ಎಲ್ಲರೂ ಅವಳನ್ನು ಕರೆಯುವುದು "ಒಂದಡಿ ಅಕ್ಕ" ಅಂತ. ಯಾರು ಏನೇ ಹೇಳಲಿ, ಮಳೆಗಾಲದಲ್ಲಿ ಒಂದಡಿಗಿಂತ ಹೆಚ್ಚು ನೀರು ಇಳಿಸುವವಳಲ್ಲ. ಹೊಸದರಲ್ಲಿ ಯಾರದೋ ಮಾತು ಕೇಳಿ ಒಂದು ಕೊಳ ಪೂರ್ತಿ ಖಾಲಿ ಮಾಡಿದ್ದಳು. ನೆಲದಡಿಯ ನೀರು ಖಾಲಿ ತೊಟ್ಟಿಯನ್ನು ಕೆಳಗಿನಿಂದ ಒತ್ತಿ ಎತ್ತಿಬಿಟ್ಟಿತು. ಲಟಲಟ ಅಂತ ಗೋಡೆ ಬಿರಿಯಿತು. ಆಮೇಲೆ ಒಂದು ವರ್ಷ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಇನ್ನೊಂದು ಸಲ ಹಾಗಾದರೆ ಕಸುಬೇ ಹೋಯಿತು ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಆ ದಿನ ಒಬ್ಬ ಯಜಮಾನರು ಫೋನ್ ಮಾಡಿದರು. "ಮಗಳ ಮನೇಲಿದೀವಮ್ಮ, ನಾಳೆ ಬರ್ತೀವಿ. ಕೊಳ ತುಂಬಿ ವರಾಂಡಕ್ಕೆ ಹರೀತಿದೆಯಂತೆ. ಸ್ವಲ್ಪ ಇಳಿಸಿಬಿಡು." ಗೇಟಿನ ಕೀ ಇವಳ ಹತ್ತಿರವೇ ಇತ್ತು.

ಬೇರೆ ಕೆಲಸ ಮುಗಿಸಿ ಹೊರಟಾಗ ತಡರಾತ್ರಿ. ಆ ಮನೆಯ ಹಿಂದೆಯೇ ಒಂದು ಹಳೇ ಬಾವಿ. ಬೇರೆಯವರಾದರೆ ಅಲ್ಲಿ ದಾಪುಗಾಲು ಹಾಕುತ್ತಾರೆ. ಇವಳು ನಿಂತು ಒಂದು ಕಲ್ಲು ಹಾಕಿದಳು. ಪುಳಕ್... ಹಾಕಿದ ತಕ್ಷಣ! ನಾಲ್ಕು ದಿನದ ಮಳೆಗೆ ನೀರು ಕೈಗೆಟಕುವಷ್ಟು ಮೇಲೆ ಬಂದಿತ್ತು. ಇವತ್ತು ಒಂದಡಿ ಅಂದರೆ ಒಂದೇ ಅಡಿ, ಅಂದುಕೊಂಡಳು.

ಬಾವಿಯೊಳಗೆ ಇನ್ನೊಂದು ಸಲ ಪುಳಕ್ ಅಂತು... ಇವಳು ಹಾಕಿದ್ದು ಒಂದೇ ಕಲ್ಲು.

ಕಪ್ಪೆ ಇರಬೇಕು ಅಂತ ಮುಂದೆ ನಡೆದಳು. ಫಿಲ್ಟರ್ ಮೋಟಾರಿನ ಮೇನ್ ಸ್ವಿಚ್ ಆರಿಸಿದಳು. ತಾನು ತಂದಿದ್ದ ಪಂಪನ್ನು ಹಗ್ಗ ಕಟ್ಟಿ ಕೊಳಕ್ಕೆ ಇಳಿಸಿ, ಪೈಪಿನ ಬಾಯನ್ನು ಬೀದಿ ಚರಂಡಿಗೆ ಬಿಟ್ಟಳು. ಆಮೇಲೆ ಅವಳ ಅಳತೆ... ಒಂದಡಿ ದಾರ, ತುದಿಗೊಂದು ಬೋಲ್ಟು. ನೀರಿನ ಮಟ್ಟಕ್ಕೆ ಮೇಲಿನ ತುದಿ ಬರುವಂತೆ ಕೊಳದ ಏಣಿಗೆ ಕಟ್ಟಿ ಇಳಿಬಿಡುತ್ತಾಳೆ. ಬೋಲ್ಟು ನೀರಿನಿಂದ ಹೊರಗೆ ಕಂಡರೆ ಕೆಲಸ ಮುಗಿಯಿತು.

ಗುರ್ರ್... ಗುರ್ರ್... ಬೋಲ್ಟು ಕಂಡಿತು. ಕೈ ಒರೆಸಿಕೊಂಡು ಪ್ಲಗ್ ಕಿತ್ತಳು.

"ಯಾಕೆ ನಿಲ್ಲಿಸ್ದೆ?"

ಕೊಳದಾಚೆ ಕತ್ತಲೆಯ ಮೆಟ್ಟಿಲ ಮೇಲೆ ಯಾರೋ ಕೂತಿದ್ದರು. ದನಿ ಯಜಮಾನರದೇ, ಆದರೆ ಪಿಸುಮಾತು.

"ಇವತ್ತೇ ಬಂದ್ಬಿಟ್ರಾ ಸಾರ್? ಒಂದಡಿ ಆಯ್ತು."

"ಪೂರ್ತಿ ಖಾಲಿ ಮಾಡು."

"ಆಗಲ್ಲ ಸಾರ್. ನೆಲದಲ್ಲಿ ನೀರು ತುಂಬಿದೆ, ತೊಟ್ಟಿ ಎದ್ದುಬಿಡತ್ತೆ. ಬಾವೀಗೆ ಕಲ್ಲು ಹಾಕಿ ನೋಡ್ಕೊಂಡೇ ಬಂದೆ."

"ಗೊತ್ತು... ನನ್ನ ತಲೆಗೇ ಬಿತ್ತು."

ಅಕ್ಕ ಕಿತ್ತ ಪ್ಲಗ್ಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ತೊಟ್ಟಿ ಕೆಳಗೇ ಇದೀನಿ. ಈ ನೀರು ಭಾರ... ತೆಗಿ. ನಾನು ಮೇಲೆ ಬರ್ಬೇಕು."

ಹೆದರಿದಳಾ ಅಂತ ಕೇಳಬೇಡಿ. ಹೆದರಿದಳು. ಆದರೆ ಹೆದರಿಕೆಗಿಂತ ಮೊದಲು ಅವಳಿಗೆ ಸಿಟ್ಟು ಬರುತ್ತದೆ, ಅದು ನಮ್ಮ ದೊಡ್ಡಪ್ಪನ ಮನೆಯ ಗುಣ.

"ಯಜಮಾನ್ರಿಗೂ ಅಷ್ಟೇ, ದೆವ್ವಕ್ಕೂ ಅಷ್ಟೇ," ಅಂದಳು. "ಒಂದಡಿ! ಬೇಕಾದ್ರೆ ಬೇಸಿಗೇಲಿ ಬಾ, ಮಾತಾಡೋಣ."

ಗುರ್ರ್... ಪಂಪು ತಾನಾಗಿಯೇ ಶುರುವಾಯಿತು. ಪ್ಲಗ್ ಅವಳ ಕೈಯಲ್ಲೇ ಇತ್ತು.

ಹಗ್ಗ ಹಿಡಿದು ಪಂಪನ್ನು ಮೇಲಕ್ಕೆಳೆದಳು. ತೊಟ್ಟಿಕ್ಕುತ್ತಿದ್ದ ಪಂಪಿನ ಮೇಲೆ ಕೂತೇಬಿಟ್ಟಳು. "ಈಗ ಖಾಲಿ ಮಾಡು, ನೋಡೋಣ!" ಅಡಿಯಲ್ಲಿ ಅದು ಗುರ್ರ್ ಅನ್ನುತ್ತಲೇ ಇತ್ತು. ಬೆಳಗಿನ ಜಾವದವರೆಗೂ ಅವಳು ಏಳಲಿಲ್ಲ.

ಬೆಳಕು ಹರಿದ ಮೇಲೆ ಯಜಮಾನರು ಕಾರಿನಿಂದ ಪೆಟ್ಟಿಗೆ ಇಳಿಸುತ್ತಾ, "ಈಗ ತಾನೇ ಬರ್ತಿದೀವಿ. ಇಷ್ಟು ಬೇಗ ಬಂದ್ಯೇನಮ್ಮ?" ಅಂದರು. ನೀರು ಸರಿಯಾಗಿ ಒಂದಡಿ ಇಳಿದಿತ್ತು. ತೊಟ್ಟಿಗೆ ಒಂದು ಬಿರುಕೂ ಇಲ್ಲ.

ಅಕ್ಕ ದಾರ ಬಿಚ್ಚಲು ಹೋದಳು. ಬೋಲ್ಟು ಕಾಣಲಿಲ್ಲ. ಎಳೆದಳು... ಬಂತು, ಬಂತು, ಬರುತ್ತಲೇ ಇತ್ತು. ಕೊಳದ ತಳದವರೆಗೂ ಇಳಿದಿತ್ತು. ನಾನೇ ಅಳೆದಿದ್ದೇನೆ, ಎಂಟಡಿ. ಎಲ್ಲೂ ಒಂದು ಗಂಟಿಲ್ಲ.

ಅವಳು ಕತ್ತರಿ ತಂದು ಒಂದಡಿಗೆ ಕತ್ತರಿಸಿಕೊಂಡಳು. ಈಗಲೂ ಅದೇ ದಾರದಲ್ಲಿ ಅಳೆಯುತ್ತಾಳೆ. ಉಳಿದ ಏಳಡಿ ನಮ್ಮ ಮನೆಯಲ್ಲೇ ಇದೆ, ನಂಬದಿದ್ದರೆ ಬಂದು ಮುಟ್ಟಿ ನೋಡಿ. ಮೂರು ಬೇಸಿಗೆ ಕಳೆಯಿತು... ಇನ್ನೂ ಒಣಗಿಲ್ಲ.